ಊರಿನ ಕೆಲಸಕ್ಕೆ ಮುನ್ನ ಊರಿನ ನಂಟು ಗುರುತಿಸುವುದು ಹೇಗೆ?

ಕುಷ್ಟಗಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಮ್ಮ ಸಂಸ್ಥೆಯಿಂದ ಕಣ್ಣಿನ ತಪಾಸಣೆ ಶಿಬಿರ ಇಟ್ಟಿದ್ದೆವು. ಪಂಚಾಯ್ತಿಗೆ ಪತ್ರ ಕೊಟ್ಟಿದ್ದೆವು, ಡಂಗುರ ಸಾರಿಸಿದ್ದೆವು, ಹಿರಿಯರೂ ಒಪ್ಪಿದ್ದರು. ಮಧ್ಯಾಹ್ನದವರೆಗೆ ಬಂದವರು 14 ಜನ. ಆಗ ಆಶಾ ಕಾರ್ಯಕರ್ತೆ ಕೇಳಿದರು: “ಸರ್, ಗಿರಣಿ ಅಕ್ಕಾರಿಗೆ ಹೇಳೀರೇನ್ರೀ?”

ಹೇಳಿರಲಿಲ್ಲ. ಓಡಿದೆವು. ಆ ಹೆಣ್ಣುಮಗಳ ಹುಬ್ಬಿನ ತುಂಬ ಜೋಳದ ಹಿಟ್ಟು. ಸಾಲಾಗಿಟ್ಟ ಚೀಲಗಳಲ್ಲಿ ಯಾವುದು ಯಾರದೆಂದು ಬಾಯಿಗೆ ಕಟ್ಟಿದ ಸೀರೆಯಂಚಿನ ಬಣ್ಣದಿಂದಲೇ ಹೇಳುತ್ತಿದ್ದರು. ಯಾರ ಮನೆಯ ಅಜ್ಜಿಗೆ ಕಣ್ಣು ಮಂಜಾಗಿದೆ ಎಂಬುದೂ ಅವರಿಗೆ ಗೊತ್ತು. ಹಿಟ್ಟು ಒಯ್ಯಲು ಬಂದವರಿಗೆಲ್ಲ ಅವರು ಹೇಳಿ ಕಳಿಸಿದ ಮೇಲೆ ಸಂಜೆಯವರೆಗೂ ಸಾಲು ಕರಗಲಿಲ್ಲ.

ಅಂದಿನಿಂದ ಯಾವ ಊರಿಗೆ ಹೋದರೂ ಮೊದಲು ಕೇಳುವುದು ಒಂದೇ ಮಾತು: “ಊರಿಗೆಲ್ಲ ಒಂದು ಸುದ್ದಿ ಮುಟ್ಟಬೇಕಂದ್ರ ಯಾರಿಗೆ ಹೇಳಬೇಕ್ರಿ?” ಪ್ರತಿ ಓಣಿಯಲ್ಲಿ ನಾಲ್ಕೈದು ಜನರನ್ನು ಕೇಳಿ, ಹೆಂಗಸರನ್ನು ಬಿಡಬೇಡಿ. ಎರಡು ಮೂರು ಓಣಿಗಳಲ್ಲಿ ಅದೇ ಹೆಸರು ಬಂದರೆ ಅವರೇ ನಿಮ್ಮ ಮೊದಲ ಜತೆಗಾರರು. ಈ ಪ್ರಶ್ನೆಗೆ ಗಟ್ಟಿ ಆಧಾರವಿದೆ. ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಕರ್ನಾಟಕದ 213 ಹಳ್ಳಿಗಳಲ್ಲಿ ಇದನ್ನೇ ಪರೀಕ್ಷಿಸಿ 2019ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೊಬೈಲ್, ನಗದು ಬಹುಮಾನದ ಸುದ್ದಿಯನ್ನು ಊರ ಹಿರಿಯರಿಗೆ ತಿಳಿಸಿದಾಗ ಹರಡಿದ್ದಕ್ಕಿಂತ, ಜನರೇ ಹೆಸರಿಸಿದವರಿಗೆ ತಿಳಿಸಿದಾಗ ಹೆಚ್ಚು ಹರಡಿತು. ಹಿರಿಯರಿಗೆ ಗೌರವ ಸಲ್ಲಬೇಕು. ಆದರೆ ಗೌರವ ಇದ್ದಲ್ಲೆಲ್ಲ ಮಾತು ಓಡಾಡುತ್ತದೆ ಎಂದುಕೊಳ್ಳಬಾರದು.

ಮುಂದಿನದು ನಕ್ಷೆ. ದೊಡ್ಡ ಹಾಳೆಯ ಮೇಲೆ ಓಣಿಗಳನ್ನು ಬರೆದು, ಕೈಗಡ ಯಾರು ಯಾರಲ್ಲಿ ಕೇಳುತ್ತಾರೆ, ಮುಯ್ಯಾಳಾಗಿ (ಕೂಲಿಯಿಲ್ಲದೆ, ಆಳಿಗೆ ಆಳು ಎಂಬಂತೆ) ಯಾರ ಹೊಲಕ್ಕೆ ಹೋಗುತ್ತಾರೆ, ರಾತ್ರಿ ಹೆರಿಗೆ ನೋವು ಬಂದರೆ ಯಾರ ಗಾಡಿ ಕರೆಯುತ್ತಾರೆ ಎಂದು ಗೆರೆ ಎಳೆಯಿರಿ. ಒಂದೇ ಓಣಿಯೊಳಗೆ ಸುತ್ತುವ ಗೆರೆಗಳು ಕಷ್ಟಕಾಲದ ಆಸರೆ. ಓಣಿ ದಾಟುವ ಗೆರೆಗಳಿಂದ ಹೊಸ ಸುದ್ದಿ, ಹೊಸ ಅವಕಾಶ ಬರುತ್ತದೆ. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲೇ ಇಂಥ ತೆಳು ನಂಟಿನ ಬಲವನ್ನು ವಿವರಿಸಿದ್ದರು. ನಮ್ಮ ಕಡೆ ಗುಳೆ ಹೋಗಿ ಬಂದವರನ್ನು ಕೇಳಿ ನೋಡಿ: ಬೆಂಗಳೂರಿನ ಕೆಲಸದ ಸುದ್ದಿ ಎಷ್ಟೋ ಸಲ ಮುಖಪರಿಚಯದವರಿಂದಲೇ ಬಂದಿರುತ್ತದೆ. ರಾಯಚೂರು ಜಿಲ್ಲೆಯ ಮುದಗಲ್ಲಿನಂತೆ ಮೊಹರಂನಲ್ಲಿ ಎಲ್ಲ ಜಾತಿಯವರೂ ಸೇರುವ ಊರಾದರೆ, ಓಣಿ ದಾಟಿಸುವ ಜನ ಅಲ್ಲೇ ಸಿಗುತ್ತಾರೆ.

ಈಗ ಗೆರೆಯೇ ಮುಟ್ಟದ ಮನೆಗಳನ್ನು ಹುಡುಕಿ. ಇಲ್ಲಿ ಅವಸರ ಮಾಡಬೇಡಿ. ಊರನ್ನು ಹಿಡಿದಿಡುವ ನಂಟೇ ಕೆಲವರನ್ನು ಹೊರಗೂ ಇಡುತ್ತದೆ. “ನಮ್ಮವರು” ಎಂಬ ಮಾತು ಮನೆ ಹಂಚಿಕೆಯ ಪಟ್ಟಿಯೊಳಗೆ ನುಸುಳಿದರೆ ಊರಾಚೆಯ ಕೇರಿಯ ಹೆಸರು ಕೊನೆಗೆ ಹೋಗುತ್ತದೆ, ಇಲ್ಲವೇ ಬಿಟ್ಟೇಹೋಗುತ್ತದೆ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಇಂದಿಗೂ ನೋವಾಗುತ್ತದೆ. ಹಾಗಾಗಿ ಸುದ್ದಿ ಮುಟ್ಟಿಸಲು ನಂಟನ್ನು ಬಳಸಿ, ಫಲಾನುಭವಿಗಳ ಆಯ್ಕೆಯನ್ನು ಅದರ ಕೈಗೆ ಕೊಡಬೇಡಿ. ಪಟ್ಟಿಯನ್ನು ಗ್ರಾಮಸಭೆಯಲ್ಲಿ ಎಲ್ಲರ ಮುಂದೆ ಗಟ್ಟಿಯಾಗಿ ಓದಿಸಿ. ಸಭೆಯನ್ನು ಕೇರಿಯವರು ಸಂಕೋಚವಿಲ್ಲದೆ ಕೂರುವ ಜಾಗದಲ್ಲಿ ಕರೆಯಿರಿ. ಗುಡಿಕಟ್ಟೆ ಎಲ್ಲರ ಜಾಗವಲ್ಲ, ಶಾಲೆಯ ಅಂಗಳ ವಾಸಿ.

ಕೆಲಸ ಶುರುವಾಗುವಾಗ ಹೊಸ ಸಮಿತಿ ಕಟ್ಟುವ ಹಂಬಲ ಬೇಡ. ಕೊಪ್ಪಳದ ಗವಿಮಠದ ಜಾತ್ರೆಗೆ ಹಳ್ಳಿಹಳ್ಳಿಗಳಿಂದ ಟ್ರ್ಯಾಕ್ಟರಿನಲ್ಲಿ ಜೋಳದ ರೊಟ್ಟಿ ಬರುತ್ತದೆ. ಅದನ್ನು ಬಡಿಯುವ ಹೆಣ್ಣುಮಕ್ಕಳಿಗೆ ಯಾರೂ ಆದೇಶ ಹೊರಡಿಸುವುದಿಲ್ಲ. 2019ರಲ್ಲಿ ಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿ ಹಿರೇಹಳ್ಳದ ಸ್ವಚ್ಛತೆಗೆ ಮುಂದಾದಾಗ ಜನ ಕೈಜೋಡಿಸಿದ್ದೂ ಇದೇ ನಂಟಿನಿಂದ. ನಿಮ್ಮ ಊರಿನಲ್ಲಿ ಸ್ವಸಹಾಯ ಸಂಘವೋ ಭಜನಾ ಮಂಡಳಿಯೋ ಚೆನ್ನಾಗಿ ನಡೆಯುತ್ತಿದ್ದರೆ ಹೊಣೆಯನ್ನು ಅವರಿಗೇ ವಹಿಸಿ, ಲೆಕ್ಕವನ್ನು ಮಾತ್ರ ಪಂಚಾಯ್ತಿ ಗೋಡೆಯ ಮೇಲೆ ಬರೆಸಿ.

ಇನ್ನು ವರ್ಗಾವಣೆ. ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಅಥವಾ ಸಂಸ್ಥೆಯ ಕಾರ್ಯಕರ್ತರು ಬದಲಾದರೆ ವರ್ಷಗಟ್ಟಲೆ ಗಳಿಸಿದ ನಂಬಿಕೆ ಅವರ ಹಿಂದೆಯೇ ಹೋಗುತ್ತದೆ. ಕಡತದ ಜತೆ ಆ ನಕ್ಷೆಯನ್ನೂ ಹೊಸಬರ ಕೈಗೆ ಕೊಡಿ, ಒಂದು ದಿನ ಅವರನ್ನು ಓಣಿ ಓಣಿ ಕರೆದೊಯ್ದು ಪರಿಚಯಿಸಿ. ಸಂಜೆ ಏಳರ ಮೇಲೆ ಹೋಗಿ. ಕಳೆ ತೆಗೆಯಲು ಹೋದವರು ಮನೆ ಸೇರಿರುತ್ತಾರೆ.