ಗಿಡ್ಡ ಒಂದು, ಉದ್ದ ಒಂದು: ಪಾತ್ರೆ ಒರೆಸಲು ಕ್ರೋಶಾ ಬಟ್ಟೆ

ನನ್ನ ಮೊದಲ ಕ್ರೋಶಾ ಮಸಿಬಟ್ಟೆ ಬದುಕಿದ್ದು ಒಂದೇ ದಿನ. ಸ್ವೆಟರ್ ಹಾಕಿ ಉಳಿದಿದ್ದ ಹಸಿರು ಉಲ್ಲನ್ನಿನಲ್ಲಿ ಹೆಣೆದಿದ್ದೆ. ಅದರಲ್ಲಿ ಹಿಡಿದು ದೋಸೆ ಕಾವಲಿ ಇಳಿಸಿದೆ ನೋಡಿ, ಮೂಲೆ ಕರಗಿ ಕಾವಲಿಗೇ ಅಂಟಿಕೊಂಡಿತು. ಅಂಗಡಿಯಲ್ಲಿ ಉಲ್ಲನ್ ಅಂತ ಕೊಡುವುದು ಎಷ್ಟೋ ಸಲ ಅಕ್ರಿಲಿಕ್, ಅಂದರೆ ಪ್ಲಾಸ್ಟಿಕ್ಕಿನ ತಮ್ಮ. ಬಿಸಿಗೆ ಕರಗುತ್ತದೆ, ನೀರನ್ನೂ ಸರಿಯಾಗಿ ಹೀರುವುದಿಲ್ಲ. ಅಡುಗೆಮನೆಗೆ ಹತ್ತಿ ದಾರವೇ ಆಗಬೇಕು. ಹತ್ತಿ ಒದ್ದೆಯಾದಾಗ ಇನ್ನೂ ಗಟ್ಟಿ.

ಲೇಸ್ ಹಾಕುವ ಸಣ್ಣ, ಹೊಳೆಯುವ ದಾರ ಬೇಡ. ದಪ್ಪಗಿರುವ, ಹೊಳಪಿಲ್ಲದ 8 ಪ್ಲೈ ಹತ್ತಿ ದಾರ ಕೇಳಿ. 4 ಅಥವಾ 4.5 ಮಿ.ಮೀ. ಕ್ರೋಶಾ ಕಡ್ಡಿ, ಕತ್ತರಿ, ದೊಡ್ಡ ಕಣ್ಣಿನ ಮೊಂಡು ಸೂಜಿ ಇದ್ದರೆ ಸಾಕು. 50 ಗ್ರಾಂ ದಾರದಲ್ಲಿ 7-8 ಇಂಚಿನ ಚೌಕ ಬಟ್ಟೆ ಒಂದು ಆಗುತ್ತದೆ.

ಬೇಕಾಗುವ ಹೆಣಿಗೆ ಎರಡೇ. ಸಿಂಗಲ್ ಕ್ರೋಶಾಗೆ ಕಡ್ಡಿಯನ್ನು ಒಳಗೆ ತೂರಿಸಿ ದಾರ ಎಳೆದುಕೊಳ್ಳಿ. ಕಡ್ಡಿಯ ಮೇಲೆ ಎರಡು ಕುಣಿಕೆ ಬರುತ್ತವೆ. ಮತ್ತೆ ದಾರ ಸುತ್ತಿ ಎರಡರೊಳಗಿಂದಲೂ ಒಟ್ಟಿಗೆ ಎಳೆಯಿರಿ. ಡಬಲ್ ಕ್ರೋಶಾಗೆ ತೂರಿಸುವ ಮೊದಲೇ ಕಡ್ಡಿಗೆ ಒಂದು ಸುತ್ತು ದಾರ ಹಾಕಿಕೊಳ್ಳಿ. ಆಗ ಮೂರು ಕುಣಿಕೆ ಸಿಗುತ್ತವೆ. ದಾರ ಸುತ್ತಿ ಮೊದಲು ಎರಡರಿಂದ ಎಳೆದು, ಆಮೇಲೆ ಮತ್ತೆ ಸುತ್ತಿ ಉಳಿದ ಎರಡರಿಂದ ಎಳೆಯಿರಿ. ಬ್ರಿಟಿಷ್ ಪುಸ್ತಕ ಇಟ್ಟುಕೊಂಡವರು ಹುಷಾರು: ಇಲ್ಲಿನ ಸಿಂಗಲ್ ಅವರಿಗೆ ಡಬಲ್, ಇಲ್ಲಿನ ಡಬಲ್ ಅವರಿಗೆ ಟ್ರೆಬಲ್. ಈ ರಗಳೆಯೇ ಬೇಡ ಅಂತ ನಾನು ಸುಮ್ನೆ ಗಿಡ್ಡ, ಉದ್ದ ಅಂದುಬಿಡುತ್ತೇನೆ.

ಈಗ 31 ಚೈನು ಹಾಕಿ. ಚೈನು ಅಂದರೆ ಕಡ್ಡಿಯ ಮೇಲಿನ ಕುಣಿಕೆಯೊಳಗಿಂದ ದಾರ ಎಳೆದು ಒಂದರ ಹಿಂದೊಂದು ಮಾಡುವ ಕುಣಿಕೆ. ಕೈ ಸಡಿಲ ಇರಲಿ. ಇಲ್ಲಿ ಬಿಗಿಯಾದರೆ ಬಟ್ಟೆಯ ಕೆಳಗಿನ ಅಂಚು ಬಿಲ್ಲಿನ ಹಾಗೆ ಬಾಗುತ್ತದೆ. ಕಡ್ಡಿಯಿಂದ ಎರಡನೇ ಚೈನಿನಲ್ಲಿ ಒಂದು ಗಿಡ್ಡ, ಪಕ್ಕದ್ದರಲ್ಲಿ ಒಂದು ಉದ್ದ. ಮತ್ತೆ ಗಿಡ್ಡ, ಮತ್ತೆ ಉದ್ದ. ಕೊನೆಯ ಚೈನಿನಲ್ಲಿ ಉದ್ದ ಬೀಳಬೇಕು. ಎಣಿಸಿದರೆ ಒಟ್ಟು 30.

ಒಂದು ಚೈನು ಹಾಕಿ ಬಟ್ಟೆ ತಿರುಗಿಸಿ. ಆ ಚೈನನ್ನು ಲೆಕ್ಕಕ್ಕೆ ಹಿಡಿಯಬೇಡಿ. ಕಡ್ಡಿಯ ಬುಡದಲ್ಲೇ ಹಿಂದಿನ ಸಾಲಿನ ಕೊನೆಯ ಉದ್ದ ಇದೆ ಅಲ್ವಾ, ಅದರ ತಲೆಯ ಮೇಲೆ ಗಿಡ್ಡ ಹಾಕಿ. ಪಕ್ಕದ ಗಿಡ್ಡದ ತಲೆಯ ಮೇಲೆ ಉದ್ದ. ಸಾಲಿನ ಕೊನೆಯವರೆಗೂ ಇದೇ, ಎಲ್ಲ ಸಾಲಿಗೂ ಇದೇ.

ಉಬ್ಬು ಬರುವ ಗುಟ್ಟು ಇಷ್ಟೇ. ಉದ್ದದ ಎರಡೂ ಕಡೆ ಗಿಡ್ಡ ನಿಂತಿರುತ್ತದೆ. ನೆಟ್ಟಗೆ ನಿಲ್ಲಲು ಜಾಗ ಸಾಲದೆ ಉದ್ದದ ಸೊಂಟ ಹೊರಕ್ಕೆ ಉಬ್ಬುತ್ತದೆ. ನಾಲ್ಕೈದು ಸಾಲು ಆದ ಮೇಲೆ ಬೆರಳಾಡಿಸಿ ನೋಡಿ, ಹಾಲು ಕೆನೆಗಟ್ಟಿದಂತೆ ನುಣ್ಣಗಿರುವುದಿಲ್ಲ, ಹಾಗಲಕಾಯಿ ಸಿಪ್ಪೆಯ ಹಾಗೆ ತರಿತರಿ. ಎರಡೂ ಮಗ್ಗುಲಲ್ಲಿ ಒಂದೇ ಥರ. ಲೋಟದ ತಳದಲ್ಲಿ ಒಣಗಿದ ಕಾಫಿ ಕಲೆಯನ್ನು ಎಬ್ಬಿಸುವುದು ಈ ತರಿಯೇ.

ತಪ್ಪಾಗುವುದು ಅಂಚಿನಲ್ಲೇ ಜಾಸ್ತಿ. ಸಾಲಿನ ಕೊನೆಯ ಹೆಣಿಗೆ ಬದಿಗೆ ಮಲಗಿಬಿಡುತ್ತದೆ, ಕಣ್ಣಿಗೆ ಬೀಳುವುದಿಲ್ಲ. ನಾನು ಅದನ್ನು ಬಿಟ್ಟೂ ಬಿಟ್ಟೂ, ಚೌಕ ಶುರು ಮಾಡಿ ಗೋಪುರ ಮುಗಿಸಿದ್ದಿದೆ! ಸಾಲು ಗಿಡ್ಡದಲ್ಲಿ ಮುಗಿಯಿತು ಅಂದರೆ ಎಲ್ಲೋ ಒಂದು ತಪ್ಪಿದೆ. ಬಿಚ್ಚಿ. ಮುಂದಕ್ಕೆ ಹೋಗಿ ಸರಿಮಾಡುತ್ತೇನೆ ಅಂದರೆ ಆಗುವುದಿಲ್ಲ.

ಎಷ್ಟು ಸಾಲು ಅಂತ ನಾನು ಎಣಿಸುವುದಿಲ್ಲ, ಒಬ್ಬೊಬ್ಬರ ಕೈ ಒಂದೊಂದು ಥರ. ಕೆಳಗಿನ ಒಂದು ಮೂಲೆಯನ್ನು ಎದುರು ಅಂಚಿನ ಕಡೆಗೆ ಓರೆಯಾಗಿ ಮಡಚಿ. ಸಮೋಸದ ಹಾಗೆ ತ್ರಿಕೋನ ಸರಿಯಾಗಿ ಕೂತರೆ ಚೌಕ ಆಯಿತು.

ದಾರ ಕತ್ತರಿಸದೆ ಸುತ್ತಲೂ ಒಂದು ಸುತ್ತು ಗಿಡ್ಡ ಹಾಕಿ, ಮೂಲೆಗೆ ಮೂರು ಮೂರು. ಬದಿಯಲ್ಲಿ ಸಾಲಿಗೆ ಒಂದರಂತೆ ಹಾಕುತ್ತಾ ಹೋಗಿ. ಅಂಚು ಬಿಗಿದುಕೊಂಡರೆ ಅಲ್ಲಲ್ಲಿ ಒಂದು ಹೆಚ್ಚಿಗೆ ಹಾಕಿ, ಫ್ರಾಕಿನ ನೆರಿಗೆಯಂತೆ ಆದರೆ ಕಡಿಮೆ ಮಾಡಿ. ಕೊನೆಯ ಮೂಲೆಯಲ್ಲಿ 15 ಚೈನು ಹಾಕಿ ಅಲ್ಲಿಗೇ ಜೋಡಿಸಿದರೆ ಮೊಳೆಗೆ ನೇತುಹಾಕಲು ಕುಣಿಕೆ ಸಿದ್ಧ. ದಾರದ ತುದಿಗೆ ಬರೀ ಗಂಟು ಹಾಕಿ ಬಿಡಬೇಡಿ, ಒಗೆತಕ್ಕೆ ಬಿಚ್ಚಿಕೊಳ್ಳುತ್ತದೆ. ಸೂಜಿಗೆ ಪೋಣಿಸಿ ಒಂದು ಕಡೆಗೆ ಎರಡಿಂಚು ಓಡಿಸಿ, ಮತ್ತೆ ವಾಪಸ್ ಓಡಿಸಿ.

ಮೊದಲ ಒಗೆತದಲ್ಲಿ ಸ್ವಲ್ಪ ಕುಗ್ಗುತ್ತದೆ, ಗಾಢ ಬಣ್ಣ ಬಿಡಲೂಬಹುದು. ಬೇರೆಯಾಗಿಯೇ ನೆನೆಸಿ. ಬಟ್ಟೆ ಮೃದುವಾಗಲು ಹಾಕುವ ಕಂಡೀಷನರ್ ಇದಕ್ಕೆ ಬೇಡ, ನೀರು ಹೀರುವ ಗುಣವೇ ಕಡಿಮೆಯಾಗುತ್ತದೆ. ಬಿಸಿ ಪಾತ್ರೆ ಹಿಡಿಯುವುದಾದರೆ ಮಡಚಿ ಹಿಡಿಯಿರಿ, ಅದೂ ಒಣಗಿದ್ದಾಗ ಮಾತ್ರ. ಒದ್ದೆ ಬಟ್ಟೆಯಲ್ಲಿ ಬಿಸಿ ಸರ್ರನೆ ಕೈಗೆ ಬರುತ್ತದೆ. ಇನ್ನು ಮಳೆಗಾಲದಲ್ಲಿ ಇಂಥ ದಪ್ಪ ಬಟ್ಟೆ ಒಣಗಲು ತಡ, ಮುಗ್ಗಲು ವಾಸನೆ ಬೇಗ ಹತ್ತುತ್ತದೆ. ಅದಕ್ಕೇ ನಮ್ಮನೆಯಲ್ಲಿ ಮೂರು ಇವೆ: ಒಂದು ಕೈಯಲ್ಲಿ, ಒಂದು ಹಗ್ಗದ ಮೇಲೆ, ಒಂದು ಬಿಸಿನೀರಿನ ಬಕೆಟ್ಟಿನಲ್ಲಿ.