ಫ್ಲಿಂಟ್‌ಲಾಕ್ ಕೋವಿಗೆ ಎಷ್ಟು ಮದ್ದು ಸರಿ?

ಪೆನ್ಸಿಲ್ವೇನಿಯಾದಲ್ಲಿ ಕ್ರಿಸ್‌ಮಸ್ ನಂತರದ ಫ್ಲಿಂಟ್‌ಲಾಕ್ (ನಳಿಕೆಯ ಬಾಯಿಯಿಂದ ಮದ್ದು ತುಂಬಿ, ಕಲ್ಲಿನ ಕಿಡಿಯಿಂದ ಹೊತ್ತಿಸುವ ಹಳೆ ಕೋವಿ) ಜಿಂಕೆ ಬೇಟೆಯ ಸೀಸನ್‌ಗೆ ತಯಾರಾಗುತ್ತಿರುವ ಗೆಳೆಯರೇ, ಕೋವಿಗೆ ಎಷ್ಟು ಅಳತೆಯ ಮದ್ದು ಹಿಡಿಸುತ್ತದೆ ಅಂತ ಈಗಲೇ ರೇಂಜ್‌ನಲ್ಲಿ ನೋಡಿಕೊಳ್ಳಿ.

ಮೊದಲು ನಳಿಕೆಯ ಟ್ವಿಸ್ಟ್, ಅಂದರೆ ಒಳಗಿನ ಗೆರೆಗಳು ಎಷ್ಟು ಉದ್ದಕ್ಕೆ ಒಂದು ಸುತ್ತು ತಿರುಗುತ್ತವೆ ಅನ್ನುವುದನ್ನು ಗಮನಿಸಿ. 60 ಇಂಚಿಗೆ ಒಂದು ಸುತ್ತಿನಂಥ ನಿಧಾನದ ಟ್ವಿಸ್ಟ್‌ಗೆ ಬಟ್ಟೆ ಸುತ್ತಿದ ದುಂಡು ಗುಂಡೇ ಒಳ್ಳೆಯದು. 50 ಕ್ಯಾಲಿಬರ್‌ಗೆ (ನಳಿಕೆಯ ಒಳ ಅಗಲ ಅರ್ಧ ಇಂಚು) 0.490 ಇಂಚಿನ ಗುಂಡು, 0.015 ಇಂಚು ದಪ್ಪದ ಬಟ್ಟೆಯಿಂದ ಶುರು ಮಾಡಬಹುದು.

ಕೋವಿ ತಯಾರಕರ ಕೈಪಿಡಿಯಲ್ಲಿರುವ ಕನಿಷ್ಠ ಅಳತೆಯಿಂದ ಆರಂಭಿಸಿ, 5 ಗ್ರೇನ್‌ನಂತೆ (ಮದ್ದು ಅಳೆಯುವ ಸಣ್ಣ ಮಾನ) ಏರಿಸಿ. ಗರಿಷ್ಠ ಮಿತಿ ದಾಟಲೇಬೇಡಿ. ಇದಕ್ಕೆ ಕಪ್ಪು ಮದ್ದೇ ಬೇಕು; ಈಗಿನ ಕಾಡತೂಸುಗಳಲ್ಲಿರುವ ಹೊಗೆರಹಿತ ಮದ್ದು ಹಾಕಿದರೆ ನಳಿಕೆಯೇ ಸಿಡಿಯಬಹುದು, ಅದರ ಹತ್ತಿರವೂ ಹೋಗಬೇಡಿ. ಮದ್ದನ್ನು ಡಬ್ಬದಿಂದ ನೇರವಾಗಿ ನಳಿಕೆಗೆ ಸುರಿಯುವುದೂ ಬೇಡ. ಒಳಗೆ ಕಿಡಿ ಉಳಿದಿದ್ದರೆ ಡಬ್ಬವೇ ಹೊತ್ತಿಕೊಳ್ಳುತ್ತದೆ. ಅಳತೆಯ ಕೊಳವೆಗೆ ಹಾಕಿಕೊಂಡೇ ಸುರಿಯಿರಿ.

50 ಗಜ ದೂರದಲ್ಲಿ, ಆಸರೆಗೆ ಇಟ್ಟು, ಒಂದೊಂದು ಅಳತೆಗೂ 5 ಗುಂಡು ಹೊಡೆಯಿರಿ. ಪ್ರತಿ ಸಲವೂ ನಳಿಕೆ ಒರೆಸಿ. ಮಸಿ ಕಟ್ಟಿದರೆ ಗುಂಡುಗಳು ಸುಮ್ನೆ ಚದುರುತ್ತವೆ, ತಪ್ಪು ಮದ್ದಿನದು ಅನ್ನಿಸುತ್ತದೆ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಮದ್ದು, ಬಟ್ಟೆ ಎರಡನ್ನೂ ಬದಲಿಸಿದರೆ ಯಾವುದರಿಂದ ಸುಧಾರಿಸಿತು ಅಂತ ಗೊತ್ತಾಗಲ್ಲ, ಅಲ್ವಾ?

ನನಗೆ ತುಂಬಾ ಉಪಯೋಗಕ್ಕೆ ಬಂದದ್ದು ಹಾರಿ ಬಿದ್ದ ಬಟ್ಟೆಗಳು. ಹೆಕ್ಕಿ ನೋಡಿ. ಸುಟ್ಟು ತೂತಾಗಿದ್ದರೆ ಬಟ್ಟೆ ತೆಳುವಾಯಿತು, ಇಲ್ಲವೇ ಜಿಡ್ಡು ಸಾಲದು. ಕತ್ತರಿಸಿದಂತಿದ್ದರೆ ನಳಿಕೆಯ ಬಾಯಿಯೋ ಒಳಗಿನ ಗೆರೆಗಳೋ ಚೂಪಾಗಿವೆ.

ಗುಂಡು ಮದ್ದಿಗೆ ತಾಗಿ ಕೂರಲೇಬೇಕು. ಅದು ಪೂರ್ತಿ ಕೂತಿದೆಯೇ ಅಂತ ತಿಳಿಯಲು ಜಡಿಯುವ ಕಡ್ಡಿಗೆ ಗುರುತು ಹಾಕಿಡಿ. ಮದ್ದು ಹೊತ್ತಿಕೊಳ್ಳದಿದ್ದರೆ ಕನಿಷ್ಠ ಒಂದು ನಿಮಿಷ ಕೋವಿಯನ್ನು ಗುರಿಯತ್ತಲೇ ಹಿಡಿದಿರಿ.