ಮನೆಯ ಅಲಾರಂ ಎಲ್ಲೆಲ್ಲಿ ಸುಮ್ಮನಿರುತ್ತದೆ: ಒಂದು ಸಂಜೆಯಲ್ಲಿ ಪರೀಕ್ಷಿಸುವ ಕ್ರಮ

ನಮ್ಮ ಮನೆಯ ಹಾಲ್‌ನ ಮೂಲೆಯಲ್ಲಿ, ಚಾವಣಿಗಿಂತ ಸ್ವಲ್ಪ ಕೆಳಗೆ, ಚಲನೆಯನ್ನು ಗುರುತಿಸುವ ಸೆನ್ಸರ್ ಒಂದಿದೆ. ಅದರ ಎದುರಿಗೆ ನಾವೇ ಒಂದು ಎತ್ತರದ ಪುಸ್ತಕದ ಕಪಾಟನ್ನು ತಂದಿಟ್ಟೆವು. ಕೀಪ್ಯಾಡ್‌ನ ಹಸಿರು ದೀಪ ಎಂದಿನಂತೆ ಉರಿಯುತ್ತಿತ್ತು, ರಾತ್ರಿ ಮಲಗುವ ಮುನ್ನ ಅಲಾರಂ ಎಂದಿನಂತೆ ಆನ್ ಆಗುತ್ತಿತ್ತು. ಆದರೆ ಹಿಂಬಾಗಿಲಿನಿಂದ ಮಲಗುವ ಕೋಣೆಯವರೆಗೆ ಯಾರು ನಡೆದರೂ ಅದಕ್ಕೆ ಕಾಣುವುದಿಲ್ಲವೆಂಬುದು ಏಳು ತಿಂಗಳ ನಂತರ, ನಾನೇ ಆ ದಾರಿಯಲ್ಲಿ ನಡೆದು ನೋಡಿದಾಗ ತಿಳಿಯಿತು. ಸೆನ್ಸರ್ ಕೆಟ್ಟಿರಲಿಲ್ಲ, ಅದರ ಮಿತಿ ನಮಗೆ ಗೊತ್ತಿರಲಿಲ್ಲ. ಅಂದಿನಿಂದ ಆರು ತಿಂಗಳಿಗೊಮ್ಮೆ ಒಂದು ಸಂಜೆಯನ್ನು ಈ ಪರೀಕ್ಷೆಗೆ ಮೀಸಲಿಟ್ಟಿದ್ದೇನೆ. ಆ ಕ್ರಮವನ್ನೇ ಇಲ್ಲಿ ವಿವರಿಸುತ್ತಿದ್ದೇನೆ.

ನಿಮ್ಮ ವ್ಯವಸ್ಥೆ ಅಲಾರಂ ಸೂಚನೆಗಳನ್ನು ದೂರದಿಂದ ಗಮನಿಸುವ ಯಾವುದಾದರೂ ಮೇಲ್ವಿಚಾರಣಾ ಕೇಂದ್ರಕ್ಕೆ ಜೋಡಣೆಯಾಗಿದ್ದರೆ, ಪರೀಕ್ಷೆ ನಡೆಸುತ್ತಿರುವುದಾಗಿ ಮೊದಲೇ ಅವರಿಗೆ ಕರೆ ಮಾಡಿ ತಿಳಿಸಿ. ಅಕ್ಕಪಕ್ಕದ ಮನೆಯವರಿಗೂ ಒಂದು ಮಾತು ಹೇಳಿ. ಆಮೇಲೆ ಒಂದು ಹಾಳೆಯಲ್ಲಿ ಮನೆಯ ನಕ್ಷೆಯನ್ನು ಬರೆದು, ತಾರಸಿಯ ಬಾಗಿಲನ್ನೂ ಬಚ್ಚಲಿನ ಕಿಟಕಿಯನ್ನೂ ಬಿಡದೆ, ಒಳಗೆ ಬರಬಹುದಾದ ಎಲ್ಲ ದಾರಿಗಳನ್ನು ಗುರುತು ಮಾಡಿಕೊಳ್ಳಿ. ಪ್ರತಿ ದಾರಿಯ ಪಕ್ಕದಲ್ಲಿ, ಅಲ್ಲಿ ಯಾರಾದರೂ ಬಂದರೆ ಮೊದಲು ಎಚ್ಚರಗೊಳ್ಳುವ ಸೆನ್ಸರ್ ಯಾವುದು ಎಂದು ಬರೆಯಿರಿ. ಕೆಲವು ಕಡೆ ಬರೆಯಲು ಏನೂ ಇರುವುದಿಲ್ಲ.

ಬಾಗಿಲುಗಳಿಂದ ಆರಂಭಿಸಿ. 1853ರಲ್ಲಿ ಅಗಸ್ಟಸ್ ರಸೆಲ್ ಪೋಪ್ ಪೇಟೆಂಟ್ ಪಡೆದ ವಿದ್ಯುತ್ ಗಂಟೆ, ಬಾಗಿಲು ಅಥವಾ ಕಿಟಕಿ ತೆರೆದೊಡನೆ ಬಡಿದುಕೊಳ್ಳುತ್ತಿತ್ತು. ಇಂದು ಬಾಗಿಲಿಗೆ ಒಂದು ಅಯಸ್ಕಾಂತವನ್ನೂ ಚೌಕಟ್ಟಿಗೆ, ಆ ಅಯಸ್ಕಾಂತ ದೂರ ಸರಿದರೆ ಸೂಚನೆ ಕೊಡುವ ಒಂದು ರೀಡ್ ಸ್ವಿಚ್ಚನ್ನೂ ಕೂರಿಸುತ್ತಾರೆ. ಆದರೂ ಅದಕ್ಕೆ ತಿಳಿಯುವ ಸಂಗತಿ ಅಂದಿನಂತೆ ಒಂದೇ, ಬಾಗಿಲು ಚೌಕಟ್ಟಿನಿಂದ ಸರಿಯಿತೇ ಇಲ್ಲವೇ ಎಂಬುದು. ಮುಚ್ಚಿದ ಕಿಟಕಿಯ ಗಾಜನ್ನು ಒಡೆದು ಒಳಗೆ ಬಂದರೆ, ಅಥವಾ ಬಾಗಿಲಿನ ಹಲಗೆಯೊಂದನ್ನೇ ಕಿತ್ತು ನುಸುಳಿದರೆ, ಅಯಸ್ಕಾಂತ ಕದಲುವುದಿಲ್ಲ, ಅಲಾರಂ ಬಡಿಯುವುದಿಲ್ಲ. ಒಬ್ಬರು ಕೀಪ್ಯಾಡ್ ನೋಡುತ್ತ ನಿಲ್ಲಲಿ, ಇನ್ನೊಬ್ಬರು ಬಾಗಿಲನ್ನು ಬಹಳ ನಿಧಾನವಾಗಿ ತೆರೆಯಲಿ: ಎರಡು ಮೂರು ಬೆರಳಿನಷ್ಟು ಸಂದಿಯಾಗುವುದರೊಳಗೆ ಸೂಚನೆ ಬರಬೇಕು. ಗಾಜು ಒಡೆಯುವ ಸದ್ದಿಗೆ ಎಚ್ಚರಗೊಳ್ಳುವ ಸೆನ್ಸರ್‌ಗಳೂ ಇವೆ, ಆದರೆ ದಪ್ಪ ಪರದೆ ಆ ಸದ್ದನ್ನು ನುಂಗುತ್ತದೆ. ಗಾಜನ್ನು ಒಡೆಯದೆ ಕಿಟಕಿಯನ್ನು ಮೆಲ್ಲನೆ ಮೀಟಿ ತೆರೆದರೆ ಅವಕ್ಕೆ ಏನೂ ಕೇಳಿಸುವುದಿಲ್ಲ.

ಹೆಚ್ಚು ಹೊತ್ತು ಕೊಡಬೇಕಾದದ್ದು ಚಲನೆಯ ಸೆನ್ಸರ್‌ಗಳಿಗೆ, ಏಕೆಂದರೆ ತಪ್ಪು ತಿಳಿವಳಿಕೆ ಹೆಚ್ಚಾಗಿರುವುದು ಅವುಗಳ ಬಗ್ಗೆಯೇ. ಸಾಮಾನ್ಯವಾಗಿ ಮನೆಗಳಲ್ಲಿ ಬಳಸುವ ಪಿಐಆರ್ (ಪ್ಯಾಸಿವ್ ಇನ್‌ಫ್ರಾರೆಡ್) ಸೆನ್ಸರ್ ಕ್ಯಾಮೆರಾದಂತೆ ನೋಡುವುದಿಲ್ಲ. ಅದರ ಮುಂದಿರುವ ಪ್ಲಾಸ್ಟಿಕ್ ಮಸೂರ ಕೋಣೆಯನ್ನು ಬೀಸಣಿಗೆಯ ಮಡಿಕೆಗಳಂತೆ ಪಟ್ಟಿಪಟ್ಟಿಯಾಗಿ ವಿಭಾಗಿಸುತ್ತದೆ; ಮೈಯಿಂದ ಹೊರಡುವ ಇನ್‌ಫ್ರಾರೆಡ್ ಕಿರಣ ಒಂದು ಪಟ್ಟಿಯಿಂದ ಇನ್ನೊಂದಕ್ಕೆ ದಾಟಿದಾಗ ಆಗುವ ಏರಿಳಿತವನ್ನು ಮಾತ್ರ ಅದು ಗುರುತಿಸುತ್ತದೆ. ಹೀಗಾಗಿ ಅಡ್ಡಲಾಗಿ ನಡೆಯುವವರನ್ನು ಬೇಗ ಹಿಡಿಯುವ ಸೆನ್ಸರ್, ನೇರವಾಗಿ ತನ್ನ ಕಡೆಗೇ ಬರುವವರನ್ನು ತಡವಾಗಿ ಹಿಡಿಯುತ್ತದೆ. ಬೇಸಗೆಯಲ್ಲಿ ಕೋಣೆಯ ಗೋಡೆಗಳು ಮೈಯಷ್ಟೇ ಬಿಸಿಯಾದಾಗ ವ್ಯತ್ಯಾಸ ಕಡಿಮೆಯಾಗಿ ಅದರ ಸೂಕ್ಷ್ಮತೆ ಕುಗ್ಗುತ್ತದೆ. ಗಾಜು ಈ ಕಿರಣವನ್ನು ತಡೆಯುವುದರಿಂದ ಕಿಟಕಿಯಾಚೆ ನಿಂತವರು ಅದಕ್ಕೆ ಕಾಣುವುದಿಲ್ಲ. ಸಾಕುಪ್ರಾಣಿಗಳಿಗೆ ಬಡಿಯದಂತೆ ಮಾಡಿದ ಸೆನ್ಸರ್‌ಗಳಲ್ಲಿ ಹಲವು ನೆಲಕ್ಕೆ ಹತ್ತಿರದ ಭಾಗವನ್ನು ಕಡೆಗಣಿಸುತ್ತವೆ. ಸೋಫಾದ ಮೇಲೇರಿದ ಬೆಕ್ಕಿಗೆ ಬೊಬ್ಬೆ ಹಾಕುವ ಸೆನ್ಸರ್ ತೆವಳಿಕೊಂಡು ಹೋಗುವ ಮನುಷ್ಯನಿಗೆ ಸುಮ್ಮನಿರಬಹುದು.

ಪರೀಕ್ಷಿಸುವಾಗ ಒಂದು ಎಚ್ಚರಿಕೆ ಇರಲಿ. ಬ್ಯಾಟರಿಯಿಂದ ನಡೆಯುವ ಎಷ್ಟೋ ಸೆನ್ಸರ್‌ಗಳು ಒಮ್ಮೆ ಸೂಚನೆ ಕೊಟ್ಟ ಮೇಲೆ ಚಾರ್ಜ್ ಉಳಿಸಲೆಂದು ಕೆಲವು ನಿಮಿಷ ಮೌನವಾಗುತ್ತವೆ; ಆ ಹೊತ್ತಿನಲ್ಲಿ ನಡೆದರೆ ಸೆನ್ಸರ್ ಸತ್ತಿದೆಯೆಂಬ ಭ್ರಮೆ ಹುಟ್ಟುತ್ತದೆ. ಅದಕ್ಕಾಗಿ ಎಲ್ಲ ಸೆನ್ಸರ್‌ಗಳ ಸೂಚನೆ ಬಂದು ಸೇರುವ ಪೆಟ್ಟಿಗೆ, ಅಂದರೆ ಪ್ಯಾನೆಲ್‌ನಲ್ಲಿರುವ ವಾಕ್ ಟೆಸ್ಟ್ ಎಂಬ ನಡೆದು ಪರೀಕ್ಷಿಸುವ ಸ್ಥಿತಿಗೆ ಬದಲಾಯಿಸಿಕೊಂಡು, ನಕ್ಷೆಯಲ್ಲಿ ಗುರುತಿಸಿದ ಪ್ರತಿಯೊಂದು ದಾರಿಯಲ್ಲೂ ಕಳ್ಳ ನಡೆಯುವಂತೆ ಗೋಡೆಗೆ ಅಂಟಿಕೊಂಡು ನಿಧಾನವಾಗಿ ನಡೆಯಿರಿ. ಸೆನ್ಸರ್‌ನ ಕೆಂಪು ದೀಪ ಎಲ್ಲಿ ಮಿನುಗಿತು, ಎಲ್ಲಿ ಮಿನುಗಲಿಲ್ಲ ಎಂಬುದನ್ನು ನಕ್ಷೆಯ ಮೇಲೆಯೇ ಗುರುತು ಮಾಡಿ. ನಮ್ಮ ಕಪಾಟು ಸಿಕ್ಕಿಬಿದ್ದದ್ದು ಹೀಗೆಯೇ.

ಮುಂದಿನದು ವಿದ್ಯುತ್ತು. ಬಹುತೇಕ ತಂತಿ ಜೋಡಣೆಯ ಪ್ಯಾನೆಲ್‌ಗಳೊಳಗೆ 12 ವೋಲ್ಟ್, 7 ಆಂಪಿಯರ್-ಗಂಟೆಯ ಸೀಸ-ಆಮ್ಲ ಬ್ಯಾಟರಿ ಇರುತ್ತದೆ. ವ್ಯವಸ್ಥೆ 350 ಮಿಲಿಆಂಪಿಯರ್ ಎಳೆಯುತ್ತದೆ ಎಂದುಕೊಂಡರೆ ಲೆಕ್ಕದ ಪ್ರಕಾರ 20 ಗಂಟೆ ನಡೆಯಬೇಕು; ಆದರೆ ಈ ಬ್ಯಾಟರಿಗಳ ಆಯುಸ್ಸು ಮೂರರಿಂದ ಐದು ವರ್ಷ, ಹಳತಾದ ಬ್ಯಾಟರಿ ಅದರ ಅರ್ಧವನ್ನೂ ಕೊಡದಿರಬಹುದು, ಸೈರನ್ ಕೂಗತೊಡಗಿದರಂತೂ ಇನ್ನೂ ಬೇಗ ಖಾಲಿಯಾಗುತ್ತದೆ. ಪ್ಯಾನೆಲ್‌ನ ಮುಖ್ಯ ಸಂಪರ್ಕವನ್ನು ತೆಗೆದು ಮೂರು ನಾಲ್ಕು ಗಂಟೆ ಹಾಗೆಯೇ ಬಿಡಿ, ಆಮೇಲೆ ಸೈರನ್ ಬಾರಿಸಿ ನೋಡಿ.

ಪ್ಯಾನೆಲ್ ಜೀವಂತವಾಗಿದ್ದರೂ ಸುದ್ದಿ ಮನೆಯಿಂದ ಹೊರಗೆ ಹೋಗಬೇಕಲ್ಲ. ಕರೆಂಟು ಹೋದಾಗ ರೌಟರ್ ಆರಿದರೆ ಇಂಟರ್ನೆಟ್ ಮೂಲಕ ಹೋಗುವ ಸೂಚನೆ ಅಲ್ಲಿಗೇ ನಿಂತಿತು. ಸಿಮ್ ಇರುವ ಪ್ಯಾನೆಲ್ ಆದರೆ ಅದರ ರೀಚಾರ್ಜ್ ಮುಗಿದಿರುವುದು ಯಾರ ಗಮನಕ್ಕೂ ಬಂದಿರುವುದಿಲ್ಲ. ಹಳೆಯ ಮೊಬೈಲ್ ಜಾಲಗಳನ್ನು ಕಂಪನಿಗಳು ನಿಲ್ಲಿಸಿದಾಗ, ಅವನ್ನೇ ನೆಚ್ಚಿಕೊಂಡ ಪ್ಯಾನೆಲ್‌ಗಳು ಮೂಕವಾಗುತ್ತವೆ. ರೌಟರನ್ನು ಆಫ್ ಮಾಡಿ ಅಲಾರಂ ಬಡಿಸಿ, ನಿಮ್ಮ ಫೋನಿಗೆ ಸುದ್ದಿ ಬರಲು ಎಷ್ಟು ಹೊತ್ತಾಯಿತೆಂದು ನೋಡಿ. ರಾತ್ರಿ ಫೋನನ್ನು ಸೈಲೆಂಟ್ ಮಾಡಿ ಮಲಗುವ ಅಭ್ಯಾಸವಿದ್ದರೆ, ಹಾಗೆಯೇ ಸೈಲೆಂಟ್ ಮಾಡಿಯೇ ಪರೀಕ್ಷಿಸಿ.

ತಂತಿಯಿಲ್ಲದ ಸೆನ್ಸರ್‌ಗಳಿಗೆ ಇನ್ನೊಂದು ಪರೀಕ್ಷೆ ಬೇಕು. ಅಗ್ಗದ ಸೆನ್ಸರ್‌ಗಳಲ್ಲಿ ಹಲವು ಸಂಕೇತವನ್ನು ಕಳಿಸುತ್ತವೆ ಅಷ್ಟೆ, ಅದು ಪ್ಯಾನೆಲ್ ತಲುಪಿತೇ ಎಂದು ವಿಚಾರಿಸುವುದಿಲ್ಲ. ಯಾರಾದರೂ ಅದೇ ತರಂಗಾಂತರದಲ್ಲಿ ಗದ್ದಲ ಎಬ್ಬಿಸಿ ಸಂಕೇತವನ್ನು ಅಡಗಿಸಿದರೆ ಪ್ಯಾನೆಲ್‌ಗೆ ಮನೆ ನೆಮ್ಮದಿಯಾಗಿದೆ ಎಂದೇ ಅನ್ನಿಸುತ್ತದೆ. ಒಂದು ಸೆನ್ಸರ್‌ನ ಬ್ಯಾಟರಿ ತೆಗೆದಿಡಿ. ಆ ಸೆನ್ಸರ್ ಕಾಣೆಯಾಗಿದೆಯೆಂದು ಪ್ಯಾನೆಲ್ ಎಷ್ಟು ಹೊತ್ತಿಗೆ ದೂರುತ್ತದೆ ಎಂದು ಬರೆದುಕೊಳ್ಳಿ. ಒಂದು ದಿನ ಕಳೆದರೂ ದೂರದಿದ್ದರೆ, ಆ ವ್ಯವಸ್ಥೆ ತನ್ನ ಸೆನ್ಸರ್‌ಗಳ ಯೋಗಕ್ಷೇಮ ನೋಡುತ್ತಿಲ್ಲವೆಂದು ತಿಳಿಯಿರಿ.

ಇನ್ನು ಎಲ್ಲಕ್ಕಿಂತ ಮುಖ್ಯವೆಂದು ನಾನು ನಂಬಿರುವ ಲೆಕ್ಕ. ಅಲಾರಂ ಬಡಿದ ಕ್ಷಣದಿಂದ ಒಬ್ಬ ಮನುಷ್ಯ ನಿಮ್ಮ ಬಾಗಿಲಿಗೆ ಬಂದು ನಿಲ್ಲುವವರೆಗೆ ಎಷ್ಟು ನಿಮಿಷ ಬೇಕು? ಅಷ್ಟು ಹೊತ್ತು ಒಳಗೆ ಬಂದವನನ್ನು ತಡೆಯುವುದು ಯಾವುದು? ಅಯಸ್ಕಾಂತದ ಸೆನ್ಸರ್ ಎಚ್ಚರಗೊಳ್ಳುವುದು ಬಾಗಿಲು ತೆರೆದುಕೊಂಡ ಮೇಲೆ. ಅಂದರೆ ಆ ಬಾಗಿಲು ಹತ್ತು ನಿಮಿಷ ತಡೆದು ನಿಂತಿದ್ದರೂ ಆ ಹತ್ತು ನಿಮಿಷ ನಿಮ್ಮ ಲೆಕ್ಕಕ್ಕೆ ಬರುವುದಿಲ್ಲ, ಯಾಕೆಂದರೆ ಅಷ್ಟು ಹೊತ್ತೂ ಯಾರಿಗೂ ಸುದ್ದಿ ಹೋಗಿರುವುದಿಲ್ಲ. ಬಾಗಿಲಿನ ಮೇಲೆ ಪೆಟ್ಟು ಬಿದ್ದೊಡನೆ ಬಡಿಯುವ ಕಂಪನದ ಸೆನ್ಸರನ್ನು ಹಾಕಿಸಿದರೆ ಬಾಗಿಲಿನ ಗಟ್ಟಿತನ ಆಗ ಉಪಯೋಗಕ್ಕೆ ಬರುತ್ತದೆ. ಜೊತೆಗೆ, ಅಗುಳಿ ಹೋಗಿ ಕೂರುವ ಲೋಹದ ಪಟ್ಟಿಯ ಒಂದು ಸ್ಕ್ರೂ ಬಿಚ್ಚಿ ನೋಡಿ. ಬಹಳ ಮನೆಗಳಲ್ಲಿ ಅದು ಎರಡು ಸೆಂಟಿಮೀಟರ್ ಉದ್ದದ ಪುಟ್ಟ ಸ್ಕ್ರೂ ಆಗಿದ್ದು, ಬಲವಾದ ಒದೆತಕ್ಕೆ ಚೌಕಟ್ಟಿನ ಮರವನ್ನೇ ಸೀಳಿಕೊಂಡು ಹೊರಬರುತ್ತದೆ. ಏಳು ಸೆಂಟಿಮೀಟರ್‌ಗಿಂತ ಉದ್ದದ ಸ್ಕ್ರೂಗಳನ್ನು ಗೋಡೆಯವರೆಗೆ ಇಳಿಸಿದರೆ ಅದೇ ಬಾಗಿಲು ಎಷ್ಟೋ ಪಟ್ಟು ಹೆಚ್ಚು ಪೆಟ್ಟು ತಾಳುತ್ತದೆ.

ಒಳಗೆ ಬಂದ ನಂತರ ಕೋಡ್ ಒತ್ತಲು ವ್ಯವಸ್ಥೆ ಕೊಡುವ ಸಮಯ ಸಾಮಾನ್ಯವಾಗಿ 30ರಿಂದ 60 ಸೆಕೆಂಡ್. ಆ ಸಮಯ ಕಳ್ಳನಿಗೂ ಸಿಗುತ್ತದೆ. ಪ್ಯಾನೆಲ್ ಬಾಗಿಲ ಪಕ್ಕದಲ್ಲೇ ಇದ್ದರೆ ಅವನು ಅದನ್ನು ಒಡೆದುಹಾಕಬಹುದು. ಕೀಪ್ಯಾಡ್ ಮಾತ್ರ ಬಾಗಿಲ ಬಳಿ ಇರಲಿ, ಪ್ಯಾನೆಲ್ ಒಳಗಿನ ಕೋಣೆಯಲ್ಲಿರಲಿ. ನಿಮಗೆ ನಿಜವಾಗಿ ಬೇಕಾಗುವ ಸಮಯವನ್ನು ಗಡಿಯಾರ ನೋಡಿ ಅಳೆದು, ಅದಕ್ಕೆ ಹತ್ತು ಸೆಕೆಂಡ್ ಸೇರಿಸಿ ಹೊಂದಿಸಿ.

ಒಂದು ಮೀಟರ್ ದೂರದಲ್ಲಿ 110 ಡೆಸಿಬೆಲ್ ಇರುವ ಸೈರನ್, ಬಯಲಿನಲ್ಲಿಯೂ ದೂರ ಇಮ್ಮಡಿಯಾದಂತೆಲ್ಲ ಆರು ಡೆಸಿಬೆಲ್ ಕಳೆದುಕೊಂಡು 16 ಮೀಟರ್ ದೂರಕ್ಕೆ 86ಕ್ಕೆ ಇಳಿಯುತ್ತದೆ. ಮುಚ್ಚಿದ ಕಿಟಕಿಗಳು ಅದನ್ನು ಇನ್ನಷ್ಟು ಕುಗ್ಗಿಸುತ್ತವೆ. ಪಕ್ಕದ ಮನೆಯವರು ಕಿಟಕಿ ಮುಚ್ಚಿ, ಟಿವಿ ಹಾಕಿಕೊಂಡು ಕುಳಿತಿರುವಾಗ ಕೇಳಿಸಿತೇ ಎಂದು ಅವರನ್ನೇ ಕೇಳಿ. ಕೇಳಿಸಿದರೂ ಅವರು ಎದ್ದು ಬರುತ್ತಾರೆಯೇ ಎಂಬುದು, ಈ ಹಿಂದೆ ಎಷ್ಟು ಸಲ ಸುಮ್ಮನೆ ಬಡಿದಿದೆ ಎಂಬುದನ್ನು ಅವಲಂಬಿಸಿದೆ. ಆದ್ದರಿಂದ ಪದೇಪದೇ ಸುಳ್ಳು ಸೂಚನೆ ಕೊಡುವ ಸೆನ್ಸರನ್ನು ಆ ವಾರವೇ ಸರಿಪಡಿಸಿ, ಮುಂದಕ್ಕೆ ಹಾಕಬೇಡಿ.

ಕ್ಯಾಮೆರಾಗಳ ವಿಷಯ ಚಿಕ್ಕದು. ಅವು ನಡೆದದ್ದನ್ನು ದಾಖಲಿಸುತ್ತವೆ. ತೀರಾ ಎತ್ತರದಲ್ಲಿಟ್ಟರೆ ನೆತ್ತಿ ಮಾತ್ರ ಕಾಣುತ್ತದೆ, ಕಿಟಕಿಯ ಗಾಜಿನ ಹಿಂದೆ ಇಟ್ಟರೆ ರಾತ್ರಿ ಅದರದೇ ಬೆಳಕು ಪ್ರತಿಫಲಿಸಿ ಚಿತ್ರ ಬೆಳ್ಳಗಾಗುತ್ತದೆ. ಕಳೆದ ವಾರದ ಒಂದು ರಾತ್ರಿಯ ದಾಖಲೆಯನ್ನು ತೆರೆದು, ಬಂದುಹೋದವರ ಮುಖ ಗುರುತಿಸಲು ಸಾಧ್ಯವೇ ಎಂದು ನೋಡಿ.

ಹೊಗೆಯ ಅಲಾರಂ ಅಡುಗೆ ಅನಿಲದ ಸೋರಿಕೆಯನ್ನಾಗಲಿ ಕಾರ್ಬನ್ ಮೊನಾಕ್ಸೈಡನ್ನಾಗಲಿ ಗುರುತಿಸುವುದಿಲ್ಲ. ಎಲ್‌ಪಿಜಿ ಗಾಳಿಗಿಂತ ಭಾರವಾದ್ದರಿಂದ ಅದರ ಸೆನ್ಸರ್ ನೆಲದ ಹತ್ತಿರ ಇರಬೇಕು. ಕೊಳವೆಯಲ್ಲಿ ಬರುವ ನೈಸರ್ಗಿಕ ಅನಿಲ ಹಗುರವಾದ್ದರಿಂದ ಅದಕ್ಕೆ ಚಾವಣಿಯ ಹತ್ತಿರ. ಹೊಗೆಯ ಅಲಾರಂನ ಹಿಂಭಾಗದಲ್ಲಿ ತಯಾರಿಕೆಯ ದಿನಾಂಕ ಇರುತ್ತದೆ. ಹತ್ತು ವರ್ಷ ದಾಟಿದ್ದರೆ ಗುಂಡಿ ಒತ್ತಿದಾಗ ಕೂಗಿದರೂ ಬದಲಾಯಿಸಿ, ಏಕೆಂದರೆ ಗುಂಡಿ ಒತ್ತಿದಾಗ ಕೂಗಿತೆಂದರೆ ಹೊಗೆಯನ್ನು ಗುರುತಿಸುವ ಭಾಗವೂ ಮೊದಲಿನಷ್ಟೇ ಚುರುಕಾಗಿದೆ ಎಂದರ್ಥವಲ್ಲ.

ಕೊನೆಯದಾಗಿ ಕೋಡ್‌ಗಳ ಪಟ್ಟಿಯನ್ನು ತೆರೆದು, ಈಗ ಮನೆಗೆ ಬರುವ ಕಾರಣವಿಲ್ಲದವರ ಕೋಡ್‌ಗಳನ್ನು ಅಳಿಸಿ. ವಾಕ್ ಟೆಸ್ಟ್ ಸ್ಥಿತಿಯನ್ನು ರದ್ದು ಮಾಡಿ, ಪ್ಯಾನೆಲ್‌ನ ಮುಖ್ಯ ಸಂಪರ್ಕವನ್ನೂ ಸೆನ್ಸರ್‌ನಿಂದ ತೆಗೆದ ಬ್ಯಾಟರಿಯನ್ನೂ ಮತ್ತೆ ಹಾಕಿ, ರೌಟರನ್ನು ಆನ್ ಮಾಡಿ, ಪರೀಕ್ಷೆ ಮುಗಿಯಿತೆಂದು ಮೇಲ್ವಿಚಾರಣಾ ಕೇಂದ್ರಕ್ಕೆ ತಿಳಿಸಿ. ನಕ್ಷೆಯ ಮೇಲೆ ಇಂದಿನ ದಿನಾಂಕ ಹಾಗೂ ಬ್ಯಾಟರಿ ಹಾಕಿದ ವರ್ಷ ಬರೆದು, ಪ್ಯಾನೆಲ್‌ನ ಮುಚ್ಚಳದ ಒಳಬದಿಗೆ ಅಂಟಿಸಿ.